ಪ್ರತಿಕ್ರಿಯೆ: ‘ಬೀಗ’ ಹೆಸರು, ವ್ಯಾಪ್ತಿ

ಫೈಲ್ ಎನ್‌ಕ್ರಿಪ್ಟ್ ಮಾಡೋ ಲೈಬ್ರರಿಗೆ ‘ಬೀಗ’ ಅಂತ ಹೆಸರಿಡಲಾ, ಆರ್‌ಎಸ್‌ಎ (ಕೀ ಜೋಡಿ ಬಳಸೋ ಎನ್‌ಕ್ರಿಪ್ಶನ್), ಟಿಎಲ್‌ಎಸ್ (ನೆಟ್‌ವರ್ಕ್ ಸಂಪರ್ಕದ ರಕ್ಷಣೆ) ಕೂಡ ಸೇರಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಆರ್‌ಎಸ್‌ಎ, ಟಿಎಲ್‌ಎಸ್ ಎರಡೂ ಬೇಡ. ಮುಚ್ಚೋಕೊಂದು, ತೆರೆಯೋಕೊಂದು ಫಂಕ್ಷನ್ ಸಾಕು. ಒಳಗೆ ಲಿಬ್‌ಸೋಡಿಯಂ ಅನ್ನೋ ಸಿದ್ಧ ಕ್ರಿಪ್ಟೋ ಲೈಬ್ರರಿಯ ಸೀಕ್ರೆಟ್‌ಸ್ಟ್ರೀಮ್ (ತುಣುಕು ತುಣುಕಾಗಿ ಎನ್‌ಕ್ರಿಪ್ಟ್ ಮಾಡೋ ಭಾಗ) ಬಳಸಿ. ಆರಂಭದಲ್ಲಿ ಇಡೋ 24 ಬೈಟಿನ ಹೆಡರ್ ಅದೇ ತಯಾರಿಸುತ್ತೆ. ಕೊನೆಯ ತುಣುಕಿಗೆ ‘ಇದೇ ಕೊನೆ’ ಅನ್ನೋ ಫೈನಲ್ ಟ್ಯಾಗ್ ಹಾಕಿ, ತೆರೆಯುವಾಗ ಪರೀಕ್ಷಿಸಿ. ಇಲ್ಲದಿದ್ದರೆ ಯಾರೋ ಫೈಲಿನ ಬಾಲ ಕತ್ತರಿಸಿದರೂ ಗೊತ್ತಾಗಲ್ಲ.

ನಾನ್ಸ್ (ಪ್ರತಿ ಸಂದೇಶಕ್ಕೂ ಬೇರೆಯಾಗಿರಬೇಕಾದ ಸಂಖ್ಯೆ) ಮಾತ್ರ ಬಳಕೆದಾರರ ಕೈಗೆ ಕೊಡಲೇಬೇಡಿ. ಎಇಎಸ್-ಜಿಸಿಎಂ ಅನ್ನೋ ಎನ್‌ಕ್ರಿಪ್ಶನ್ ವಿಧಾನದಲ್ಲಿ ಅದೇ ಕೀ ಜೊತೆ ನಾನ್ಸ್ ಒಮ್ಮೆ ಮರುಕಳಿಸಿದರೂ ಎರಡು ಸಂದೇಶಗಳ ಎಕ್ಸಾರ್ (ಎಲ್ಲೆಲ್ಲಿ ಬಿಟ್ ಬೇರೆ ಅನ್ನೋದು) ಬಯಲಾಗುತ್ತೆ, ನಕಲಿ ಸಂದೇಶ ಸೃಷ್ಟಿಸೋ ದಾರಿಯೂ ತೆರೆಯುತ್ತೆ.

ಹೆಸರು ಚೆನ್ನಾಗಿದೆ, ಆಲ್ಗರಿದಮ್ ಹೆಸರು ಸೇರಿಸದೇ ಇದ್ದದ್ದು ಇನ್ನೂ ಒಳ್ಳೇದು. ನಾಳೆ ಆಲ್ಗರಿದಮ್ ಬದಲಿಸಬಹುದು. ಇಂಗ್ಲಿಷ್ ಅಕ್ಷರದಲ್ಲಿ ‘ಬೀ’ಗೆ ಎರಡು ‘ಇ’ನಾ, ಒಂದು ‘ಐ’ನಾ ಅಂತ ಈಗಲೇ ನಿರ್ಧರಿಸಿ. ಪೈಥಾನ್ ಪ್ಯಾಕೇಜ್‌ಗಳ ತಾಣ ಪೈಪಿಐನಲ್ಲಿ ಎರಡೂ ಕಾಗುಣಿತ ಹುಡುಕಿ. ಅಲ್ಲಿ ಹೈಫನ್, ಅಂಡರ್‌ಸ್ಕೋರ್, ಚುಕ್ಕಿ ಮೂರೂ ಒಂದೇ ಲೆಕ್ಕ.