ಫೋನು ಒಲ್ಲೆನೆಂದರೆ ಕೇಳುವುದು ಯಾರನ್ನು?

ಮಾನ್ಯರೆ,

ಶಹಾಪುರ ತಾಲ್ಲೂಕಿನ ತಾಂಡಾದಿಂದ ನೀವು ಬರೆದ ಪತ್ರ ತಲುಪಿತು. ತೊಗರಿ ರಾಶಿ ಮುಗಿದೊಡನೆ ಪುಣೆಗೆ ದುಡಿಯಲು ಹೋಗುವ, ಬ್ಯಾಂಕ್ ಖಾತೆಯಿಲ್ಲದ ನಿಮ್ಮ ತಮ್ಮನಿಗೆ ಸಾಲದ ಆ್ಯಪೊಂದು ಕ್ಷಣಮಾತ್ರದಲ್ಲಿ ‘ನೀವು ಅರ್ಹರಲ್ಲ’ ಎಂದಿತೆಂದು ತಿಳಿಸಿ, ಕೀನ್ಯಾದಲ್ಲಿ ಬಡವರಿಗೂ ಫೋನಿನಲ್ಲೇ ಸಾಲ ಸಿಗುವಾಗ ನಮಗೇಕಿಲ್ಲವೆಂದು ಕೇಳಿದ್ದೀರಿ.

ಕೀನ್ಯಾದ ಮಾತು ನಿಜ. ಅಲ್ಲಿ 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆಯಲ್ಲಿ ಅಂಗಡಿಯ ಏಜೆಂಟರಿಗೆ ನಗದು ಕೊಟ್ಟು ಫೋನಿಗೆ ಹಣ ತುಂಬಿಸಿಕೊಳ್ಳಬಹುದು; 2012ರಲ್ಲಿ ಬ್ಯಾಂಕೊಂದರ ಜೊತೆಗೂಡಿ ಬಂದ ಎಂ-ಶ್ವಾರಿಯು ಗ್ರಾಹಕರ ಫೋನ್ ಬಳಕೆ ಮತ್ತು ಎಂ-ಪೆಸಾ ವಹಿವಾಟಿನ ದಾಖಲೆ ನೋಡಿ ಸಣ್ಣ ಸಾಲ ಕೊಡತೊಡಗಿತು. ಇಂಥ ಸಾಲದ ತೀರ್ಮಾನದಲ್ಲಿ ಕೃತಕ ಬುದ್ಧಿಮತ್ತೆ ಮಾಡುವುದು ಅಂದಾಜು: ಹಿಂದೆ ಸಾಲ ತೀರಿಸಿದವರು, ತೀರಿಸದವರು, ಇವರಲ್ಲಿ ಹೊಸಬರು ಯಾರನ್ನು ಹೋಲುತ್ತಾರೆಂಬ ಲೆಕ್ಕ. ನನ್ನ ಆತಂಕವಿರುವುದು ಇಲ್ಲಿಯೇ. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ, ಅರ್ಧ ವರ್ಷ ಪುಣೆ, ಅರ್ಧ ವರ್ಷ ತಾಂಡಾ ಎಂದು ತಿರುಗುವ, ಕೈಯಲ್ಲಿ ಕಾಸಿದ್ದಾಗ ಮಾತ್ರ ರೀಚಾರ್ಜ್ ಮಾಡಿಸುವ ಕುಟುಂಬವು, ತಿಂಗಳ ಸಂಬಳದವರ ದಾಖಲೆಗಳಿಂದ ಕಲಿತ ಯಂತ್ರಕ್ಕೆ ನೆಚ್ಚಲಾಗದ್ದಾಗಿ ಕಾಣಬಹುದು. ಕಿರಾಣಿ ಅಂಗಡಿಯ ಉದ್ರಿಯನ್ನು ನಿಮ್ಮ ತಮ್ಮ ಪ್ರತಿ ಯುಗಾದಿಗೆ ಚುಕ್ತಾ ಮಾಡುತ್ತಾರೆಂದು ನೀವು ಬರೆದಿದ್ದೀರಿ. ಆ ಲೆಕ್ಕವಿರುವುದು ಅಂಗಡಿಯವರ ವಹಿಯಲ್ಲಿ, ಫೋನಿನಲ್ಲಲ್ಲ. ದಾಖಲೆಯಿಲ್ಲದವರನ್ನು ನಂಬಿಕೆಗೆ ಅರ್ಹರಲ್ಲದವರೆಂದು ಎಣಿಸುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಆದರೆ ನಿಮ್ಮ ತಮ್ಮನಿಗೆ ಯಂತ್ರಕ್ಕಿಂತ ಮೊದಲು ನಿಯಮವೇ ಅಡ್ಡ ಬಂದಿರಬಹುದು. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮಗಳಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹಣವು ಸಾಲಗಾರರ ಬ್ಯಾಂಕ್ ಖಾತೆಗೇ ನೇರವಾಗಿ ಜಮೆಯಾಗಬೇಕು. ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿಯನ್ನಾಗಲಿ ಕರೆಗಳ ವಿವರವನ್ನಾಗಲಿ ಮುಟ್ಟುವಂತಿಲ್ಲ. ಆದ್ದರಿಂದ ‘ಖಾತೆ ಬೇಕಿಲ್ಲ, ನಂಬರುಗಳನ್ನು ನೋಡಲು ಒಪ್ಪಿಗೆ ಕೊಟ್ಟರೆ ಸಾಕು’ ಎನ್ನುವ ಆ್ಯಪ್ ಕಂಡರೆ ದಯವಿಟ್ಟು ದೂರವಿರಿ. ಜನಧನ ಖಾತೆಗೆ ಕನಿಷ್ಠ ಮೊತ್ತದ ಕಟ್ಟುಪಾಡಿಲ್ಲ. ಮುಂದಿನ ಸಲ ಪುಣೆಗೆ ಹೊರಡುವ ಮುನ್ನ ತಮ್ಮನಿಗೆ ಅದನ್ನು ಮಾಡಿಸಿರಿ.

ಖಾತೆಯಾದ ಮೇಲೂ ನಿರಾಕರಣೆ ಬಂದರೆ, ಕಾರಣ ತಿಳಿಸುವಂತೆ ಸಾಲ ಕೊಡುವ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ದೂರಿಗೆ 30 ದಿನದೊಳಗೆ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಆ ಕಾರಣವನ್ನು ಕನ್ನಡದಲ್ಲಿ, ತಾಂಡಾದವರಿಗಾದರೆ ಲಂಬಾಣಿಯಲ್ಲಿ, ಮನುಷ್ಯರೊಬ್ಬರು ಕರೆ ಮಾಡಿ ವಿವರಿಸಬೇಕೆಂಬುದು ನಮ್ಮ ಪತ್ರಿಕೆಯ ಒತ್ತಾಯ. ನಿಮಗೆ ಉತ್ತರ ಬಂದರೆ ಅದರ ಪ್ರತಿಯನ್ನು ಕಳಿಸಿಕೊಡಿ. ನಿಮ್ಮ ತಮ್ಮನ ಹೆಸರು ತೆಗೆದು ಪ್ರಕಟಿಸುತ್ತೇವೆ.

— ಸಂಪಾದಕ