ಕಾದಂಬರಿಯಲ್ಲಿ ನಾನು ಮೊದಲು ನೋಡುವುದು ಯಾರಿಗೆ ಎಷ್ಟು ಬಾಕಿ ಅನ್ನುವುದನ್ನು

ಹೊರದೇಶದ ಕಾದಂಬರಿಗಳು ನಮ್ಮ ಕಡೆಯವರಿಗೆ ಹತ್ತಿರ ಅನ್ನಿಸುತ್ತವೆಯೇ, ನಿಮಗೆ ಹಿಡಿಸಿದ್ದು ಯಾವುದು, ಹಿಡಿಸದ್ದು ಯಾವುದು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯ ಒಂದು ಹೋಲ್‌ಸೇಲ್ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಗದಗಿನಿಂದ ರೈಲಿಗೆ ಓಡಾಡುತ್ತೇನೆ, ಓದುವುದು ಹೆಚ್ಚಾಗಿ ಆ ರೈಲಿನಲ್ಲೇ. ಆದ್ದರಿಂದ ಇವು ಲೆಕ್ಕದವನೊಬ್ಬನ ಅಭಿಪ್ರಾಯಗಳು. ಪಾತ್ರದ ಹೊಟ್ಟೆಪಾಡು ಹೇಗೆ ನಡೆಯುತ್ತದೆ, ದುಡ್ಡು ಎಲ್ಲಿಂದ ಬಂತು, ಯಾರಿಗೆ ಎಷ್ಟು ಬಾಕಿ, ಇಷ್ಟನ್ನು ಬಲ್ಲ ಕಾದಂಬರಿಕಾರನನ್ನು ನಾನು ನಂಬುತ್ತೇನೆ. ಅದನ್ನು ಹೇಳದೆ ಪ್ರೇಮ, ವಿರಹ, ತತ್ವ ಹೇಳಹೊರಟವರು ನನಗೆ ತಾಗುವುದಿಲ್ಲ.

ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ (1866) ಪಾಪಪ್ರಜ್ಞೆಯ ಕಥೆ ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಮೊದಲ ಅಧ್ಯಾಯದಲ್ಲೇ, ಓದು ಬಿಟ್ಟ ಬಡ ಹುಡುಗ ರಾಸ್ಕೋಲ್ನಿಕೋವ್ ಅಪ್ಪನ ಬೆಳ್ಳಿ ಗಡಿಯಾರ ಹಿಡಿದುಕೊಂಡು ಗಿರವಿ ಮುದುಕಿಯ ಹತ್ತಿರ ಹೋಗುತ್ತಾನೆ. ಅವನು ಕೇಳುವುದು 4 ರೂಬಲ್, ಅವಳು ಅನ್ನುವುದು ಒಂದೂವರೆ. ರೂಬಲ್ಲಿಗೆ ತಿಂಗಳಿಗೆ 10 ಕೊಪೆಕ್ ಬಡ್ಡಿ (ನೂರು ಕೊಪೆಕ್ ಅಂದರೆ ಒಂದು ರೂಬಲ್), ಅದೂ ಮುಂಗಡ. ಈ ಗಡಿಯಾರದ ಮೇಲೆ 15, ಹಿಂದೆ ಒಯ್ದಿದ್ದ 2 ರೂಬಲ್ಲಿಗೆ 20, ಒಟ್ಟು 35 ಕೊಪೆಕ್ ಮುರಿದುಕೊಂಡು ಅವನ ಕೈಗೆ ಇಡುವುದು 1 ರೂಬಲ್ 15 ಕೊಪೆಕ್. ಆ ಮುದುಕಿಯ ಕೊಲೆಯ ವಿಚಾರ ಅವನ ತಲೆಯಲ್ಲಿ ಮೊದಲೇ ಇತ್ತು, ನಿಜ. ಆದರೆ ಈ ಲೆಕ್ಕ ಓದಿದ ಮೇಲೆ ಆ ಕೋಣೆಯ ಉಸಿರುಗಟ್ಟು ನನಗೆ ಅರ್ಥವಾಯಿತು. ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿ ಏನು ಮಾಡುತ್ತದೆ ಅನ್ನುವುದನ್ನು ನಮ್ಮ ಪೇಟೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಕಾದಂಬರಿ ಫ್ಲೊಬೇರನ ‘ಮದಾಮ್ ಬೊವಾರಿ’. 1857ರಲ್ಲಿ ಪುಸ್ತಕವಾಗಿ ಬಂತು. ಗಂಡನಿದ್ದೂ ಪರಪುರುಷರ ಹಿಂದೆ ಹೋಗಿ ಕೆಟ್ಟ ಹೆಣ್ಣಿನ ಕಥೆ ಅಂತ ಇದನ್ನು ಹೇಳುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಕಥಾನಾಯಕಿ ಎಮ್ಮಾಳನ್ನು ಕೊಂದದ್ದು ಸಾಲ. ಲೆರೋ ಎಂಬ ಬಟ್ಟೆ ವ್ಯಾಪಾರಿ ಒಬ್ಬನಿದ್ದಾನೆ. ಮೊದಲ ಸಲ ಮನೆಗೆ ಬಂದಾಗ ಶಾಲು, ಕಾಲರ್ ಬಿಚ್ಚಿ ಹರವುತ್ತಾನೆ, ಅವಳು ಬೇಡ ಅಂದರೂ ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ. ದುಡ್ಡಿನ ಚಿಂತೆ ಬೇಡ, ಬೇಕಾದಾಗ ನೋಡಿಕೊಳ್ಳೋಣ ಅಂತ ಹೇಳಿ ಹೋಗುತ್ತಾನೆ. ಆಮೇಲೆ ಉದ್ರಿ, ಉದ್ರಿಗೆ ಚೀಟಿ (ಇಂಥ ದಿನ ಇಷ್ಟು ಕೊಡುತ್ತೇನೆ ಅನ್ನುವ ಸಾಲಪತ್ರ), ವಾಯಿದೆ ಮುಗಿದಾಗ ಹಳೆ ಚೀಟಿಯ ಬದಲು ಹೊಸ ಚೀಟಿ. ಗಂಡನಿಂದ ಮುಖತ್ಯಾರ ಪತ್ರ ಬರೆಸಿಕೊಳ್ಳಲು ದಾರಿ ತೋರಿಸುವವನೂ ಅವನೇ. ಕಡೆಗೆ ಆ ಚೀಟಿಗಳನ್ನು ಬೇರೊಬ್ಬನಿಗೆ ದಾಟಿಸಿ, ‘ನನ್ನ ಕೈಯಲ್ಲಿ ಏನಿದೆ ತಾಯಿ?’ ಅನ್ನುವ ಮುಖ ಮಾಡಿ ಕೂರುತ್ತಾನೆ. 24 ತಾಸಿನೊಳಗೆ 8,000 ಫ್ರಾಂಕ್ ಕಟ್ಟಬೇಕು, ಇಲ್ಲದಿದ್ದರೆ ಜಪ್ತಿ. ಎಮ್ಮಾ ಪ್ರಿಯಕರನ ಹತ್ತಿರ ಓಡುತ್ತಾಳೆ, ವಕೀಲನಂಥ ನೋಟರಿಯ ಹತ್ತಿರ ಓಡುತ್ತಾಳೆ, ಹಿಂದೆ ಕೈಬಿಟ್ಟು ಹೋದವನ ಹತ್ತಿರವೂ ಹೋಗಿ ಮೂರು ಸಾವಿರ ಕೇಳುತ್ತಾಳೆ. ಯಾರೂ ಕೊಡುವುದಿಲ್ಲ. ಆಮೇಲೆಯೇ ವಿಷ. ಬಟ್ಟೆ ವ್ಯಾಪಾರದ ಖಾತೆ ಬರೆಯುವ ನನಗೆ ಈ ಲೆರೋನಷ್ಟು ಹೆದರಿಕೆ ಹುಟ್ಟಿಸಿದ ಖಳ ಇನ್ನೊಬ್ಬನಿಲ್ಲ. ಅವನು ಒಂದು ಸಲವೂ ದನಿ ಏರಿಸುವುದಿಲ್ಲ, ಒಂದು ಕಾಗದವೂ ಕಾಯ್ದೆಗೆ ವಿರುದ್ಧವಾಗಿಲ್ಲ. ಕಾದಂಬರಿಯ ಕೊನೆಯಲ್ಲಿ ಅವನ ವ್ಯಾಪಾರ ಚೆನ್ನಾಗಿಯೇ ನಡೆದಿದೆ.

ಟಾಲ್‌ಸ್ಟಾಯ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ‘ಅನ್ನಾ ಕರೆನಿನಾ’ದಲ್ಲಿ ಸ್ತೀವಾ ಹೆಂಡತಿಯ ಕಾಡನ್ನು ವ್ಯಾಪಾರಿಗೆ ಮಾರಿ ಒಳ್ಳೆ ರೇಟು ಬಂತು ಅಂತ ಹಿಗ್ಗುವಾಗ, ಗೆಳೆಯ ಲೆವಿನ್ ‘ಮರ ಎಣಿಸಿದೆಯಾ?’ ಅಂತ ಕೇಳುತ್ತಾನೆ. ಎಣಿಸಿರುವುದಿಲ್ಲ. ಕೊಳ್ಳುವವನು ಎಣಿಸಿರುತ್ತಾನೆ. ಇಬ್ಬರ ಸ್ವಭಾವವೂ ಆ ಒಂದು ಪ್ರಶ್ನೆಯಲ್ಲಿ ಬಂದುಬಿಟ್ಟಿತು.

ಹತ್ತಿರ ಅನ್ನಿಸುತ್ತವೆಯೇ ಎಂಬ ಮಾತಿಗೆ ಬಂದರೆ, ನೈಜೀರಿಯಾದ ಚಿನುವ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಓದಿ. ಅಲ್ಲಿಯ ಬೆಳೆ ಯಾಮ್, ಗೆಣಸಿನಂಥ ದೊಡ್ಡ ಗಡ್ಡೆ. ಅಪ್ಪನಿಂದ ಏನೂ ಬರದ ಒಕೊಂಕ್ವೊ ಊರಿನ ಸಿರಿವಂತನ ಹತ್ತಿರ 800 ಬೀಜದ ಗಡ್ಡೆ ಪಾಲಿಗೆ ತರುತ್ತಾನೆ. ಬೆಳೆದದ್ದರಲ್ಲಿ ಅವನಿಗೆ ಉಳಿಯುವುದು ಮೂರರಲ್ಲಿ ಒಂದು ಪಾಲು. ಆ ವರ್ಷ ಮೊದಲ ಮಳೆಗೆ ತನ್ನದೇ 400 ಗಡ್ಡೆ ಹಾಕಿದ, ಮಳೆ ಹೋಯಿತು. ಎಳೆ ಬಳ್ಳಿ ಸುಡಬಾರದೆಂದು ಬುಡಕ್ಕೆಲ್ಲ ಕತ್ತಾಳೆ ಎಲೆ ಸುತ್ತಿಡುತ್ತಾನೆ. ಸಂಜೆಗೆ ಅವೂ ಒಣಗಿ ಬೂದಿಬಣ್ಣಕ್ಕೆ ತಿರುಗುತ್ತವೆ. ಮರುದಿನ ಮತ್ತೆ ಹೊಸದು. ಅಣ್ಣಿಗೇರಿ ಹತ್ತಿರ ಹೊಲ ಮಾಡುವ ನಮ್ಮ ಕಾಕಾನಿಗೆ ಈ ಭಾಗ ಹೇಳಿದೆ. ಅವರು ಓದಿದವರಲ್ಲ. ‘ನೆಲಾನ ಕಾದು ನಿಂತಿರಬೇಕಾದ್ರ ಎಲಿ ಏನ್ ತಡೀತದೋ ತಮ್ಮಾ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆ ಪಾಲಿನ ಬೀಜಾ ಅಷ್ಟೂ ಬಿತ್ತಿಬಿಟ್ಟಿದ್ನೇನು?’ ಅಂತ ಕೇಳಿದರು. ಬಿತ್ತಿರಲಿಲ್ಲ, ಅವು ಉಳಿದಿದ್ದವು. ಅಚೆಬೆಯೂ ಅದನ್ನು ಮರೆಯದೆ ಹೇಳುತ್ತಾನೆ, ಯಾಕೆಂದರೆ ರೈತನ ಮನಸ್ಸು ಮೊದಲು ಹೋಗುವುದು ಅಲ್ಲಿಗೇ. ಮಳೆ ಮತ್ತೆ ಬಂದಾಗ ಅವನ್ನು ಹಾಕಿದರೆ, ಈ ಸಲ ಮಳೆ ನಿಲ್ಲುವುದೇ ಇಲ್ಲ. ಆ ಸುಗ್ಗಿಯಲ್ಲಿ ಒಬ್ಬ ರೈತ ಮರಕ್ಕೆ ನೇಣು ಹಾಕಿಕೊಳ್ಳುತ್ತಾನೆ. ಈ ಪುಟಗಳನ್ನು ಓದಲು ಆಫ್ರಿಕದ ಪರಿಚಯ ಬೇಕಿಲ್ಲ.

ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ (1939) ಕೂಡ ಇದೇ ಸಾಲಿನದು. ಅಮೆರಿಕದ ಒಕ್ಲಹೋಮಾದಲ್ಲಿ ಗೇಣಿದಾರನ ಮನೆ ಕೆಡವಲು ಟ್ರ್ಯಾಕ್ಟರ್ ತರುವವನು ಪರಿಚಯದವರ ಮಗನೇ, ದಿನಕ್ಕೆ 3 ಡಾಲರ್ ಕೂಲಿಗೆ. ಯಾರಿಗೆ ಗುಂಡು ಹೊಡೆಯಲಿ ಅಂತ ಗೇಣಿದಾರ ಕೇಳಿದರೆ ಉತ್ತರವೇ ಸಿಗುವುದಿಲ್ಲ: ಬ್ಯಾಂಕಿಗೆ ಮೇಲಿನಿಂದ ಆರ್ಡರ್, ಅವರಿಗೆ ಇನ್ನೂ ಮೇಲಿನಿಂದ. ಉಪದೇಶ ಅಲ್ಲಲ್ಲಿ ಹೆಚ್ಚಾಗಿದೆ, ಆದರೂ ಓದಲೇಬೇಕು.

ಮಾರ್ಕ್ವೆಜ್‌ನ ‘ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್’ (1967) ಅಂದರೆ ಎಲ್ಲರೂ ಮಾಯೆ, ಪವಾಡ ಅನ್ನುತ್ತಾರೆ. ನನಗೆ ಕಾಣುವುದು ಸಕ್ಕರೆಯ ಪ್ರಾಣಿಗೊಂಬೆ ಮಾಡಿ ಮಾರಿ ಕಥೆಯ ದೊಡ್ಡ ಮನೆ ನಡೆಸುವ ಉರ್ಸುಲಾ.

ಹಿಡಿಸದ್ದು ಕೊಯೆಲೊನ ‘ದಿ ಆಲ್ಕೆಮಿಸ್ಟ್’. ಇದನ್ನು ಪ್ರೀತಿಸುವವರು ತುಂಬ ಜನ, ಅವರ ಮನಸ್ಸು ನೋಯಿಸುವ ಉದ್ದೇಶವಿಲ್ಲ. ನಿಧಿ ಹುಡುಕಿ ಹೊರಟ ಹುಡುಗ ಗಾಜಿನ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತು, ಧೂಳು ಒರೆಸಿ, ಆ ಗ್ಲಾಸುಗಳಲ್ಲೇ ಚಹಾ ಮಾರಿ ಗಿರಾಕಿ ಹೆಚ್ಚಿಸುವ ಭಾಗ ನಿಜಕ್ಕೂ ಚೆನ್ನಾಗಿದೆ. ಉಳಿದದ್ದರಲ್ಲಿ, ಮನಸ್ಸಿಟ್ಟು ಬಯಸಿದರೆ ವಿಶ್ವವೇ ನೆರವಿಗೆ ಬರುತ್ತದೆ ಅನ್ನುತ್ತಾರೆ. ಅಚೆಬೆಯ ರೈತನೂ ಮನಸ್ಸಿಟ್ಟೇ ಬಯಸಿದ್ದ.

ಹೊರಗಿನ ಕಥೆ ನಮಗೆ ಹೊಸದೂ ಅಲ್ಲ. ಹಾವೇರಿ ಸೀಮೆಯ ಹಾವನೂರಿನ ಗಳಗನಾಥರು (1869–1942) ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಮರಾಠಿಯಿಂದ ತಂದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಅಜ್ಜಂದಿರು ಕಾದಂಬರಿಯ ರುಚಿ ಕಂಡದ್ದು ಹಾಗೆ.

ಶುರು ಮಾಡುವುದಾದರೆ ಓ.ಎಲ್. ನಾಗಭೂಷಣ ಸ್ವಾಮಿಯವರು ಕನ್ನಡಕ್ಕೆ ತಂದ ‘ಅಪರಾಧ ಮತ್ತು ಶಿಕ್ಷೆ’ಯಿಂದ ಮಾಡಿ. ರಷ್ಯದ ಹೆಸರುಗಳು ಗೊಂದಲ ಮಾಡುತ್ತವೆ, ಒಬ್ಬನಿಗೇ ಮೂರು ಹೆಸರು. ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಸ್ವಾಮಿಯವರೇ ತಂದ ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ ಆಮೇಲೆ, ಬೇಸಿಗೆ ರಜೆಯಂಥ ಬಿಡುವು ಇದ್ದಾಗ. ಇಂಗ್ಲಿಷ್ ಓದಿನ ರೂಢಿ ಸ್ವಲ್ಪ ಇದ್ದರೆ ಅಚೆಬೆಯಿಂದಲೂ ಶುರು ಮಾಡಬಹುದು. ಸಣ್ಣ ಪುಸ್ತಕ, ವಾಕ್ಯಗಳು ಸರಳ. ‘ಮದಾಮ್ ಬೊವಾರಿ’ ಓದುವಾಗ ಲೆರೋ ಬರುವ ಪುಟಗಳನ್ನು ಮಾತ್ರ ಅವಸರದಲ್ಲಿ ದಾಟಬೇಡಿ.