ಪೇಲಿನ್ ಅರ್ಹತೆ: ತೊಟ್ಟಿಲು ಬಿಟ್ಟು ಹುದ್ದೆ ನೋಡಿ

ಐದು ಮಕ್ಕಳ ತಾಯಿ, ಅದರಲ್ಲೂ ನಾಲ್ಕು ತಿಂಗಳ ಕೈಗೂಸು ಇದ್ದಾಗ ಸಾರಾ ಪೇಲಿನ್ 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತದ್ದು ಸರಿಯೇ ಎಂದು ನೀವು ತಾಯಿಯಾಗಿ ಕೇಳಿದ್ದೀರಿ. ಮಕ್ಕಳ ಲೆಕ್ಕ ಬಿಡಿ ಮೇಡಂ. ಹೆಂಡತಿ, ಮಗಳು ಅಪಘಾತದಲ್ಲಿ ತೀರಿಕೊಂಡು ಮೂರು ವಾರ ಆಗುವ ಮೊದಲೇ, 1973ರ ಜನವರಿಯಲ್ಲಿ, ಪೇಲಿನ್ ಎದುರಾಳಿ ಉಪಾಧ್ಯಕ್ಷ ಅಭ್ಯರ್ಥಿ ಜೋ ಬೈಡನ್ ಸೆನೆಟರ್ (ಅಮೆರಿಕ ಸಂಸತ್ತಿನ ಮೇಲ್ಮನೆ ಸದಸ್ಯ) ಆಗಿ ಪ್ರಮಾಣವಚನ ಮಾಡಿದ್ದು ಗಾಯಗೊಂಡ ಪುಟ್ಟ ಮಕ್ಕಳಿದ್ದ ಆಸ್ಪತ್ರೆಯಲ್ಲೇ. ಆ ತಂದೆಗೆ ಹಿಡಿಯದ ಅಳತೆಗೋಲು ಈ ತಾಯಿಗೂ ಬೇಡ.

ನೋಡಬೇಕಾದ್ದು ಹುದ್ದೆಯನ್ನು. ಸೆನೆಟ್‌ನಲ್ಲಿ ಮತ ಸಮಸಮವಾದಾಗ ಉಪಾಧ್ಯಕ್ಷರು ಮತ ಹಾಕುತ್ತಾರೆ. ಅದು ಹಗುರದ ಕೆಲಸ. ಆದರೆ ಅಧ್ಯಕ್ಷರು ಸತ್ತರೆ, ರಾಜೀನಾಮೆ ಕೊಟ್ಟರೆ ಆ ಕ್ಷಣವೇ ಕುರ್ಚಿ ಉಪಾಧ್ಯಕ್ಷರದು. ಹಾಗೆ ಒಂಬತ್ತು ಮಂದಿ ಅಧ್ಯಕ್ಷರಾಗಿದ್ದಾರೆ. ಅವರಲ್ಲಿ ಒಬ್ಬರಾದ ಹ್ಯಾರಿ ಟ್ರೂಮನ್‌ಗೆ ಉಪಾಧ್ಯಕ್ಷರಾಗಿ ಸಿಕ್ಕಿದ್ದು 82 ದಿನ. ಅಣುಬಾಂಬ್ ಯೋಜನೆಯ ವಿವರ ತಿಳಿದದ್ದೇ ಅಧ್ಯಕ್ಷರಾದ ಮೇಲೆ.

ಪೇಲಿನ್ ಜೊತೆ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಮೆಕೇನ್‌ಗೆ ಆಗ 72 ವರ್ಷ, ಹಾಗಾಗಿ ಈ ಪ್ರಶ್ನೆ ಇನ್ನೂ ಗಂಭೀರ. ಪೇಲಿನ್ ವಸಿಲಾ ಎಂಬ ಸಣ್ಣ ಊರಿನ ಮೇಯರ್ ಆಗಿ ಆರು ವರ್ಷ ಇದ್ದರು; ಅಲಾಸ್ಕದ ಗವರ್ನರ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ. ಯಾವ ಪತ್ರಿಕೆ ಓದುತ್ತೀರಿ ಎಂದು ಟಿವಿ ಪತ್ರಕರ್ತೆ ಕೇಟಿ ಕ್ಯೂರಿಕ್ ಕೇಳಿದಾಗ ಒಂದರ ಹೆಸರೂ ಹೇಳಲಿಲ್ಲ. ನನಗೆ ಚಿಂತೆ ಹುಟ್ಟಿಸುವುದು ಅದೇ. ಅಕ್ಟೋಬರ್ 2ರಂದು ಬೈಡನ್ ಜೊತೆ ನಡೆದ ಚರ್ಚೆಯನ್ನೂ ಪೂರ್ತಿ ನೋಡಿ, ಕೇಳಿದ ಪ್ರಶ್ನೆಗೇ ಉತ್ತರ ಬಂತೇ ಎಂದು ಪ್ರತಿ ಸಲ ಗುರುತು ಹಾಕಿಕೊಳ್ಳಿ.